ಎಡಗೆನ್ನೆಗೆ ಮಾತ್ರ

ನನ್ನ ಎರಡೂ ಕೆನ್ನೆಯ ಮೇಲೆ ಬಂಗು ಇತ್ತು. ಮಗ ಹುಟ್ಟಿದ ವರ್ಷ ಮೂಗಿನ ಪಕ್ಕ ಹೆಸರುಕಾಳಿನಷ್ಟು ಕಾಣಿಸಿಕೊಂಡ ಕಲೆ, ಅವನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅಂಗೈಯಗಲ ಆಗಿತ್ತು. ಅಡಿಕೆ ಬೇಯಿಸಿದ ಚೊಗರನ್ನು ಯಾರೋ ಮುಖಕ್ಕೆ ಎರಚಿ ಒರೆಸದೆ ಬಿಟ್ಟ ಹಾಗೆ. ನನ್ನ ಗಂಡ ವಾಸಪ್ಪನವರಿಗೆ ಅದೊಂದು ನಗೆಯ ವಿಷಯ.

"ನಮ್ಮ ಜಲಜನ ಮುಖದ ಮೇಲೆ ಮೂರು ತಾಲೂಕು ಇದೆ ಮಾರಾಯ್ರೆ," ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. "ಎಡಗಡೆ ಶೃಂಗೇರಿ, ಬಲಗಡೆ ಎನ್.ಆರ್. ಪುರ, ನಡುವೆ ಮೂಗಿನ ಮೇಲೆ ಕೊಪ್ಪ. ಬಸ್ಸು ಒಂದು ಓಡಾಡ್ತಿಲ್ಲ, ಅಷ್ಟೆ."

"ನಿಮ್ಮ ತಲೆ ಮೇಲೆ ಹೆಲಿಪ್ಯಾಡ್ ಇದೆ, ಅದನ್ನೂ ತೋರ್ಸಿ," ಎಂದು ನಾನೂ ಬಿಡುತ್ತಿರಲಿಲ್ಲ.

ನಾನು ಕಪ್ಪು. ಕಪ್ಪಗೆ ಹುಟ್ಟಿದೆ, ಕಪ್ಪಗೇ ಹೋಗುತ್ತೇನೆ. ಅದರ ಬಗ್ಗೆ ನನಗೆ ಯಾರ ಮೇಲೂ ದೂರಿಲ್ಲ. ಬಿಳಿಯಾಗಬೇಕೆಂದು ದೇವರ ಮುಂದೆ ನಿಂತವಳೂ ಅಲ್ಲ. ಆದರೆ ಇದ್ದ ಬಣ್ಣ ಒಂದೇ ಸಮ ಇರಲಿ ಅನ್ನಿಸುತ್ತದಲ್ಲ? ಗೋಡೆಗೆ ಸುಣ್ಣ ಬಳಿದರೂ ತೇಪೆ ತೇಪೆಯಾಗಿ ಕಂಡರೆ ಸಿಟ್ಟು ಬರುತ್ತದೆ. ಇದು ಮುಖ.

ಅರ್ಪಿತಾ ನನ್ನ ತಂಗಿಯ ಮಗಳು, ಕೆರೆಕಟ್ಟೆಯವಳು. ಫಾರ್ಮಸಿ ಡಿಪ್ಲೊಮಾ ಓದಿ ಕೊಪ್ಪದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿದ್ದಾಗ ಮೊಡವೆಗೆಂದು ಯಾರೋ ಗೆಳತಿ ಕೊಟ್ಟ ಕ್ರೀಮು ಹಚ್ಚಿಕೊಂಡಳು. ಮೊದಲ ತಿಂಗಳು ಮುಖ ಬೆಣ್ಣೆಯ ಹಾಗೆ ಆಯಿತು. ಆಮೇಲೆ ತೊಗಲು ತೆಳುವಾಗಿ ಈರುಳ್ಳಿ ಸಿಪ್ಪೆಯಂತಾಯಿತು. ಬಿಸಿಲಿಗೆ ಹೋದರೆ ಉರಿ, ಒಲೆಯ ಮುಂದೆ ಕೂತರೆ ಉರಿ, ನಕ್ಕರೆ ಉರಿ. ಕ್ರೀಮು ಬಿಟ್ಟರೆ ಮುಖವೆಲ್ಲ ಕೆಂಪಗೆ ಊದಿಕೊಳ್ಳುತ್ತಿತ್ತು. ಶಿವಮೊಗ್ಗದ ಚರ್ಮದ ಡಾಕ್ಟರು ನೋಡಿ, ಅದರಲ್ಲಿ ಹಾಕಬಾರದ ಔಷಧಿ ಹಾಕಿದ್ದಾರೆ ಎಂದರು. ಸರಿಹೋಗಲು ಬಹಳ ಕಾಲ ಬೇಕಾಯಿತು. ಅಷ್ಟು ದಿನ ಆ ಹುಡುಗಿ ಬಾಗಿಲಿನಿಂದ ಹೊರಗೆ ತಲೆ ಹಾಕಲಿಲ್ಲ. ಕೆಲಸ ಹೋಯಿತು. ಗೊತ್ತಾಗುವುದರಲ್ಲಿದ್ದ ಸಂಬಂಧವೂ ಹೋಯಿತು. ಹುಡುಗನ ಕಡೆಯವರು ನೋಡಲು ಬಂದು, ಕಾಫಿ ಕುಡಿದು, "ತಿಳಿಸ್ತೇವೆ" ಎಂದು ಹೋದವರು ಇವತ್ತಿನವರೆಗೂ ತಿಳಿಸಿಲ್ಲ. ಒಳ್ಳೆಯದೇ ಆಯಿತು ಬಿಡಿ.

ದೀಪಾವಳಿ ಕಳೆದ ಮೇಲೆ ಅವಳು ಸೀತೂರಿಗೆ ನಮ್ಮ ಮನೆಗೆ ಬಂದಳು. ಮುಖ ಸರಿಯಾಗಿತ್ತು, ಕಣ್ಣಿನಲ್ಲೊಂದು ಹಟ ಇತ್ತು. ಮುಖಕ್ಕೆ ಹಚ್ಚುವುದನ್ನು ತಾನೇ ಮಾಡಿ ಮಾರುತ್ತೇನೆ, ಏನು ಹಾಕಿದ್ದೇನೆಂದು ಬಾಟಲಿಯ ಮೇಲೆ ಸುಳ್ಳಿಲ್ಲದೆ ಬರೆಯುತ್ತೇನೆ ಎಂದಳು. ಅದಕ್ಕೆ ಅವಳಿಗೆ ಬೇಕಾಗಿದ್ದದ್ದು ಒಂದು ಕೋಣೆ. ನಮ್ಮ ಊರಿನ ಸ್ತ್ರೀಶಕ್ತಿ ಸಂಘಕ್ಕೆ ಹಾಲಿನ ಡೈರಿಯ ಪಕ್ಕ ಅಂಥ ಕೋಣೆ ಇದೆ. ಹಿಂದೆ ಅಲ್ಲಿ ಹಪ್ಪಳ ಮಾಡುತ್ತಿದ್ದೆವು. ನೀರು, ಕರೆಂಟು, ಟೈಲ್ಸು ಎಲ್ಲ ಇದೆ. ಆಗ ಬೀಗ ಹಾಕಿ ಜೇಡಕ್ಕೆ ಬಿಟ್ಟಿದ್ದೆವು.

ಸಂಘದ ಅಧ್ಯಕ್ಷೆ ಅನ್ನಪೂರ್ಣೇಶ್ವರಿ. ದೊಡ್ಡ ಮನೆತನದವರು. ಸಣ್ಣ ದನಿ, ಆದರೆ ಆ ದನಿ ಬಂದರೆ ಬೇರೆಯವರು ಸುಮ್ಮನಾಗಬೇಕು. ಕೀಲಿಕೈ ಅವರ ಸೊಂಟದಲ್ಲಿ. ಅರ್ಪಿತಾ ಕೋಣೆ ಕೇಳಿದಾಗ ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ಎಂತ ಮಾಡ್ತೆ ಕೂಸೆ ಅಲ್ಲಿ?"

"ನೆಲ್ಲಿಕಾಯಿಂದ ಸೀರಮ್ಮು. ವಿಟಮಿನ್ ಸಿ ಇರ್ತದಲ್ಲ ಅದ್ರಲ್ಲಿ, ಮುಖಕ್ಕೆ ಹಚ್ಚೋದು."

"ಉಪ್ಪಿನಕಾಯಿ ಆದ್ರೆ ತಿಂದು ನೋಡಿ ಹೇಳ್ಬಹುದಾಗಿತ್ತು. ಮುಖಕ್ಕೆ ಹಚ್ಚೋದಂದ್ರೆ ಹುಡುಗಾಟ ಅಲ್ಲ. ಯಾರ ಮುಖದ ಮೇಲೆ ಹಚ್ಚಿ ನೋಡಿದ್ದಿ? ನಿನ್ನ ಮುಖಕ್ಕೆ ಆಗಿದ್ದು ಊರಿಗೇ ಗೊತ್ತು."

ಆ ಕೊನೆಯ ಮಾತು ಹೇಳಬಾರದಿತ್ತು. ಅರ್ಪಿತಾ ತಲೆ ತಗ್ಗಿಸಿದಳು. ನನಗೆ ಸಿಟ್ಟು ನೆತ್ತಿಗೆ ಏರಿತು.

"ನನ್ನ ಮುಖ ಇದೆಯಲ್ಲ!" ಎಂದೆ. ಎದ್ದು ನಿಂತೇಬಿಟ್ಟಿದ್ದೆ. "ಇದಕ್ಕಿಂತ ಹಾಳಾಗೋಕೆ ಇದ್ರಲ್ಲಿ ಎಂತ ಉಳಿದಿದೆ? ಇದರ ಮೇಲೇ ನೋಡ್ಲಿ."

"ಸರಿ ಹಾಗಾದ್ರೆ," ಎಂದರು ಅನ್ನಪೂರ್ಣೇಶ್ವರಿ. "ಶಿವರಾತ್ರಿ ಕಳೆದ ಮೇಲೆ ನೋಡ್ವ. ಅಡಿಕೆ ಚೀಲ ಇಡೋಕೆ ಕೋಣೆ ಬೇಕು ಅಂತ ಮಂಡಿಯವರು ಕೇಳ್ತಾ ಇದ್ದಾರೆ. ಗುಣ ಕಂಡ್ರೆ ಕೂಸಿಗೆ, ಇಲ್ದಿದ್ರೆ ಚೀಲಕ್ಕೆ."

ಮನೆಗೆ ಬರುವ ದಾರಿಯಲ್ಲಿ ನನಗೊಂದು ಯೋಚನೆ ಬಂತು. ಕೊಳೆರೋಗಕ್ಕೆ ಹೊಸ ಔಷಧಿ ಬಂದಿದೆ ಎಂದು ಯಾರಾದರೂ ಹೇಳಿದರೆ ನಾವು ಇಡೀ ತೋಟಕ್ಕೆ ಹೊಡೆಯುವುದಿಲ್ಲ. ಅರ್ಧ ತೋಟಕ್ಕೆ ಹೊಡೆದು ಅರ್ಧ ಬಿಡುತ್ತೇವೆ. ಮಳೆಗಾಲ ಕಳೆದ ಮೇಲೆ ಅಡಿಕೆಗೊನೆ ನೋಡಿದರೆ ಸಾಕು, ಔಷಧಿ ಮಾರಿದವನು ಎಷ್ಟು ಬೊಗಳೆ ಬಿಟ್ಟಿದ್ದಾನೆ ಎಂದು ಗೊತ್ತಾಗುತ್ತದೆ.

"ಎಡಗೆನ್ನೆಗೆ ಮಾತ್ರ ಹಚ್ಚು," ಎಂದೆ ಅರ್ಪಿತಾಗೆ. "ಬಲಗಡೆಗೆ ಹನಿ ತಾಗ್ಸಬೇಡ."

ಅವಳು ಕಣ್ಣರಳಿಸಿ ನನ್ನನ್ನೇ ನೋಡಿದಳು. "ದೊಡ್ಡಮ್ಮ, ಎರಡು ಬಣ್ಣದ ಮುಖ ಇಟ್ಕೊಂಡು ಓಡಾಡ್ತೀಯಾ?"

"ಓಡಾಡ್ತೇನೆ. ಶೃಂಗೇರಿ ಉದ್ಧಾರ ಆಗ್ಲಿ, ಎನ್.ಆರ್. ಪುರ ಹಂಗೇ ಇರ್ಲಿ. ಆಮೇಲೆ ಆ ಅನ್ನಪೂರ್ಣಕ್ಕನ ಮುಂದೆ ಕೂತು ತೋರಿಸ್ತೇನೆ."

ಮಾರನೇ ದಿನ ವಾಸಪ್ಪನವರು ಗುಡ್ಡದ ಅಂಚಿನಿಂದ ನೆಲ್ಲಿಕಾಯಿ ತಂದರು. ಅರ್ಪಿತಾ ತುರಿದು, ಬಟ್ಟೆಯಲ್ಲಿ ಹಿಂಡಿ, ಸೋಸಿ, ಮತ್ತೆ ಸೋಸಿ ತಿಳಿರಸ ತೆಗೆದಳು. ನಾನು ಒಲೆಗೆ ಬೆಂಕಿ ಹಾಕಿ ಬಾಣಲೆ ಇಟ್ಟೆ.

"ಅದೆಂತಕ್ಕೆ?"

"ಕಾಯಿಸೋಕೆ. ಇಲ್ದಿದ್ರೆ ಕೆಡ್ತದಲ್ಲ."

ನಮ್ಮಲ್ಲಿ ಯಾವ ಹುಳಿಯನ್ನೂ ಹಸಿಯಾಗಿ ಇಡುವುದಿಲ್ಲ. ಕಂಚಿಕಾಯಿಯ ರಸ ಇರಲಿ, ಉಪ್ಪಾಗೆ ಹಣ್ಣಿನದಿರಲಿ, ದಿನವಿಡೀ ಕುದಿಸಿ ಡಾಂಬರಿನ ಹಾಗೆ ಕಪ್ಪು ಮಾಡಿ ಜಾಡಿಗೆ ತುಂಬಿದರೆ ವರ್ಷಗಟ್ಟಲೆ ಇರುತ್ತದೆ. ನನ್ನ ಕಂಚಿ ಹುಳಿ ಅಂದರೆ ಊರಿಗೇ ಪ್ರಸಿದ್ಧ. ನಾಲಿಗೆಯ ತುದಿಗೆ ಮುಟ್ಟಿಸಿದರೆ ಕಿವಿ ಅಲ್ಲಾಡುತ್ತದೆ. ಅಂಥ ಹುಳಿಯಲ್ಲಿ ಇಲ್ಲದ ಸಿ ಈ ಚೋಟುದ್ದದ ನೆಲ್ಲಿಯಲ್ಲಿದೆಯೇ ಎಂಬುದು ನನ್ನ ವಾದ.

ಅರ್ಪಿತಾ ವಾದ ಮಾಡಲಿಲ್ಲ. ಅನ್ನ ಬಸಿದ ಗಂಜಿಯ ತಿಳಿಯನ್ನು ಎರಡು ಗಾಜಿನ ಲೋಟಕ್ಕೆ ಹಾಕಿದಳು. ಗಾಯಕ್ಕೆ ಹಚ್ಚುವ ಅಯೋಡಿನ್ ಬಾಟಲಿ ತಂದು ಎರಡಕ್ಕೂ ಒಂದೊಂದು ತೊಟ್ಟು ಬಿಟ್ಟಳು. ಬೆಳ್ಳಗಿದ್ದ ಗಂಜಿ ನೋಡನೋಡುತ್ತ ನೀಲಿಯಾಗಿ, ಶಾಯಿಯ ಹಾಗೆ ಕಪ್ಪಾಯಿತು.

"ಅಯ್ಯಯ್ಯ! ಒಳ್ಳೆ ಲೋಟ ಹಾಳು ಮಾಡಿದ್ಯಲ್ಲೇ!"

"ಸುಮ್ನೆ ನೋಡು ದೊಡ್ಡಮ್ಮ."

ಒಂದು ಲೋಟಕ್ಕೆ ನನ್ನ ಕಂಚಿ ಹುಳಿಯನ್ನು ನೀರಿನಲ್ಲಿ ಕದಡಿ ಚಮಚದಲ್ಲಿ ಬಿಟ್ಟಳು. ಕಲಕಿದಳು. ಕಪ್ಪು ಕಪ್ಪಾಗಿಯೇ ಇತ್ತು. ಇನ್ನೊಂದು ಚಮಚ ಹಾಕಿದಳು. ಹಾಗೇ ಇತ್ತು. ಇನ್ನೊಂದು ಲೋಟಕ್ಕೆ ಹಸಿ ನೆಲ್ಲಿರಸ ತೊಟ್ಟಿಕ್ಕಿಸಿದಳು. ತೊಟ್ಟು ಬಿದ್ದಲ್ಲಿ ಕಪ್ಪಿನೊಳಗೆ ಒಂದು ಬಿಳಿ ಕಿಂಡಿ ತೆರೆಯಿತು. ಒಮ್ಮೆ ಕಲಕಿದಳು ಅಷ್ಟೆ, ಆ ಶಾಯಿಯಷ್ಟೂ ಇಲ್ಲವಾಯಿತು. ಮೊದಲಿನ ಗಂಜಿ, ಬೆಳ್ಳಗೆ ನನ್ನ ಮುಂದೆ ಕೂತಿತ್ತು.

ಲೋಟ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಅಡಿ ನೋಡಿದೆ, ಎಲ್ಲಾದರೂ ಕಪ್ಪು ಇಳಿದು ಕೂತಿದೆಯೋ ಎಂದು. ಏನೂ ಇರಲಿಲ್ಲ.

"ಬಣ್ಣ ಎಲ್ಲಿ ಹೋಯ್ತೇ?" ನನ್ನ ದನಿ ನನಗೇ ಬೇರೆಯಾಗಿ ಕೇಳಿತು.

"ನೆಲ್ಲಿಲಿರೋ ಸಿ ಅದನ್ನ ಹಿಡೀತು. ಹಿಡಿದು ತಾನು ಕೆಟ್ಟೋಯ್ತು. ಅದರ ಕೆಲಸವೇ ಅದು. ಬೇರೆಯವರಿಗೆ ಬರೋ ಪೆಟ್ಟಿಗೆ ಮೊದ್ಲು ತಾನು ಅಡ್ಡ ನಿಲ್ತದೆ. ಬಾಳೆಕಾಯಿ ಹೆಚ್ಚಿದಾಗ ಕಪ್ಪಾಗ್ಬಾರ್ದು ಅಂತ ಹುಳಿ ನೀರಿಗೆ ಹಾಕ್ತೀಯಲ್ಲ, ಹಂಗೇ ಅಂದ್ಕೋ. ಬೆಂಕಿಗಿಟ್ರೆ ಅದು ಒಲೆ ಮೇಲೇ ಸತ್ತೋಗ್ತದೆ. ಉಳಿಯೋದು ಬರೀ ಹುಳಿ."

ನಾನು ಒಲೆಯ ಬೆಂಕಿ ಹಿಂದಕ್ಕೆ ಎಳೆದೆ. ಇಷ್ಟು ವರ್ಷ ಜಾಡಿಗಟ್ಟಲೆ ಹುಳಿ ಕಾಯಿಸಿದ್ದೇನೆ. ಪ್ರತಿ ಸಲವೂ ಅದರೊಳಗೆ ಒಂದು ಜೀವ ಇತ್ತು, ನಾನೇ ಸೌದೆ ಒಟ್ಟಿ ಅದನ್ನು ಕೊಂದೆ, ನನಗದು ಇತ್ತೆಂದೇ ಗೊತ್ತಿರಲಿಲ್ಲ. ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನೆಲ್ಲಿಕಾಯಿಯ ತಂಬುಳಿಯನ್ನು ಬೇರೆಯೇ ಕಣ್ಣಿನಿಂದ ನೋಡಿದೆ. ವಾಸಪ್ಪನವರು, "ಎಂತ, ತಂಬುಳಿಗೆ ದೃಷ್ಟಿ ತೆಗೀತಿದ್ಯಾ?" ಎಂದರು.

ಅರ್ಪಿತಾ ಆ ರಸಕ್ಕೆ ಕಾಯಿಸಿ ಆರಿಸಿದ ನೀರು, ಸ್ವಲ್ಪ ಗ್ಲಿಸರಿನ್ ಬೆರೆಸಿ ಕಂದು ಬಣ್ಣದ ಹಳೆಯ ಟಾನಿಕ್ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಳು. ಮೊದಲು ನನ್ನ ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಎರಡು ದಿನ ಕಾದಳು. ತುರಿಸಲಿಲ್ಲ, ಕೆಂಪಾಗಲಿಲ್ಲ. ಆಮೇಲೆ ಎಡಗೆನ್ನೆಗೆ ಬಟಾಣಿಕಾಳಿನಷ್ಟು. ರಸದ ಬಣ್ಣ ತಿರುಗಿತೆಂದರೆ ಬಾಟಲಿ ಕರಿಬೇವಿನ ಬುಡಕ್ಕೆ, ಹೊಸದಾಗಿ ಮತ್ತೆ ಹಿಂಡುವುದು. "ಚೆಲ್ತೀಯಲ್ಲೇ, ಒಳ್ಳೆದಿತ್ತು!" ಎಂದರೆ, "ಕೆಟ್ಟಿದ್ದು ಮುಖಕ್ಕೆ ಹೋಗ್ಬಾರ್ದು ದೊಡ್ಡಮ್ಮ" ಎನ್ನುತ್ತಿದ್ದಳು. ಆ ಮಾತು ಹೇಳುವಾಗ ಅವಳ ಕೈ ತನ್ನ ಕೆನ್ನೆಯ ಹತ್ತಿರ ಹೋಗುತ್ತಿತ್ತು.

ಇನ್ನೊಂದು ಕಟ್ಟಪ್ಪಣೆ ಅವಳದು. ಬಿಸಿಲಿಗೆ ಹೋಗುವಾಗ ಹಾಳೆ ಟೊಪ್ಪಿ ಹಾಕಬೇಕು. ನಮ್ಮ ಆಳುಗಳು ಹಾಕುವ ಚಿಕ್ಕ ಟೊಪ್ಪಿ ಅಲ್ಲ. ಅಗಲದ ಅಡಿಕೆ ಹಾಳೆ ಆರಿಸಿ, ನೆನೆಸಿ, ಭುಜದವರೆಗೆ ನೆರಳು ಬೀಳುವ ಹಾಗೆ ಅಂಚು ಬಿಟ್ಟು ಅವಳೇ ಹೊಲಿದಳು. ಅದನ್ನು ಹಾಕಿಕೊಂಡು ಅಡಿಕೆ ಹರವಿದ ಅಂಗಳದಲ್ಲಿ ನಿಂತರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

"ಜಲಜಕ್ಕ, ಆ ಸೂರಿನಡಿಗೆ ನಮ್ಗೂ ಜಾಗ ಇದ್ಯಾ?" ಎಂದು ಹಾಲು ಹಾಕಲು ಹೋಗುತ್ತಿದ್ದ ಕೃಷ್ಣಪ್ಪ ಕೇಳಿದ.

"ಇದೆ. ಬಾಡಿಗೆ ಕೊಡ್ತೀಯಾ?"

ನನಗೆ ಆ ಟೊಪ್ಪಿ ಕಂಡರೆ ಸಿಟ್ಟು. ಬೆವರು, ಕುತ್ತಿಗೆ ನೋವು. ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ದಿನ ಬಿಟ್ಟೇಬಿಟ್ಟೆ. ಅವತ್ತು ಬೆಳಿಗ್ಗೆಯೆಲ್ಲ ಉಪ್ಪಿನಕಾಯಿಗೆಂದು ಕಂಚಿಕಾಯಿ ಹೆಚ್ಚಿದ್ದೆ. ರಸ ಬೆರಳಿನಿಂದ ಜಾರಿ ಮುಂಗೈಯ ಮೇಲೆ ಹರಿದು ಮೊಣಕೈಯಿಂದ ತೊಟ್ಟಿಕ್ಕಿತ್ತು. ಸೆರಗಿನಲ್ಲಿ ಬೆರಳು ಮಾತ್ರ ಒರೆಸಿಕೊಂಡು, ಟೊಪ್ಪಿ ಮೂಲೆಗೆಸೆದು, ಅಡಿಕೆ ತಿರುವಿ ಹಾಕಲು ಅಂಗಳಕ್ಕೆ ಹೋದೆ. ಮಧ್ಯಾಹ್ನದವರೆಗೆ ಬಿಸಿಲಿನಲ್ಲಿದ್ದೆ. ಮಾರನೇ ದಿನ ಕೈ ಉರಿಯಿತು. ಆಮೇಲೆ ಕೆಂಪಾಗಿ ಗುಳ್ಳೆ ಎದ್ದಿತು. ಗುಳ್ಳೆ ಒಣಗಿದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಕೈ ನೋಡಿಕೊಂಡೆ, ಬ್ರಶ್ಶು ಬಾಯಲ್ಲೇ ಉಳಿಯಿತು.

ರಸ ಹರಿದ ದಾರಿ ಕೈಯ ಮೇಲೆ ಕಂದು ಬಣ್ಣದಲ್ಲಿ ಬರೆದಿತ್ತು. ಎಲ್ಲಿ ಕವಲಾಗಿತ್ತೋ ಅಲ್ಲಿ ಕವಲು. ಎಲ್ಲಿ ಬಳೆಗೆ ತಡೆದು ನಿಂತಿತ್ತೋ ಅಲ್ಲಿ ಬಳೆಯ ಗೆರೆ. ಮೊಣಕೈಯ ಹತ್ತಿರ ತೊಟ್ಟಾಗಿ ತೂಗಿದ್ದ ಹನಿಯೂ ಹಾಗೇ, ಇನ್ನೇನು ಬೀಳುತ್ತದೆ ಎಂಬಂತೆ. ತೊಳೆದೆ, ಉಜ್ಜಿದೆ, ಹೋಗಲಿಲ್ಲ. ರಸ ಹರಿದದ್ದು ಎಷ್ಟೋ ದಿನದ ಹಿಂದೆ. ನಾನೇ ಮರೆತಿದ್ದೆ. ಸೂರ್ಯ ಮರೆತಿರಲಿಲ್ಲ.

ಅರ್ಪಿತಾ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ನನಗೆ ಬೈಯುವ ಅವಕಾಶ ಅವಳಿಗೆ ಅಪರೂಪ, ಚೆನ್ನಾಗಿಯೇ ಬಳಸಿಕೊಂಡಳು.

"ನಾನು ಎಂತಕ್ಕೆ ಬಡ್ಕೊಂಡಿದ್ದು? ಕಂಚಿ, ನಿಂಬೆ, ಹೇರಳೆ, ಇವುಗಳ ರಸ ಮೈಮೇಲಿಟ್ಕೊಂಡು ಬಿಸಿಲಿಗೆ ಹೋದ್ರೆ ಸುಡ್ತದೆ. ಮುಖಕ್ಕೆ ನಿಂಬೆಹಣ್ಣು ಉಜ್ಜಿ ಅಂಗಳಕ್ಕೆ ಹೋಗೋರು ಹೀಗೇ ಮುಖ ಕೆಡಿಸ್ಕೊಳ್ಳೋದು. ಇದು ನಿನ್ನ ಕೆನ್ನೆ ಆಗಿದ್ರೆ? ಕೋಣೆ ಹೋಗ್ಲಿ, ನಾನು ಕೆರೆಕಟ್ಟೆಗೆ ಎಂತ ಮುಖ ಹೊತ್ಕೊಂಡು ಹೋಗ್ಬೇಕಿತ್ತು?"

ಅವಳ ಕಣ್ಣಲ್ಲಿ ನೀರು ತುಂಬಿತ್ತು. ನಾನು ನನ್ನ ಕೈಯನ್ನೇ ನೋಡುತ್ತಿದ್ದೆ. ಅಷ್ಟು ದೂರದಲ್ಲಿರುವ ಸೂರ್ಯ, ಸೀತೂರಿನ ಒಂದು ಅಂಗಳದಲ್ಲಿ, ಒಬ್ಬ ಹೆಂಗಸಿನ ಕೈಯ ಮೇಲೆ, ಒಂದು ಹನಿಯ ಆಕಾರವನ್ನು ಇಷ್ಟು ಸರಿಯಾಗಿ ಬರೆಯಬಲ್ಲ. ಹಾಗಿದ್ದರೆ ನನ್ನ ಮುಖದ ಮೂರು ತಾಲೂಕುಗಳನ್ನು ಬರೆದವನು ಯಾರು ಎಂದು ಆಗ ಹೊಳೆಯಿತು. ಅಂದಿನಿಂದ ಟೊಪ್ಪಿ ಇಲ್ಲದೆ ಅಂಗಳಕ್ಕೆ ಕಾಲಿಡಲಿಲ್ಲ. ಬಟ್ಟೆ ಒಣಹಾಕಲು ಹೋದರೂ ಟೊಪ್ಪಿ.

ಶಿವರಾತ್ರಿ ಕಳೆಯಿತು. ನಮ್ಮ ಕೊನೆಯ ಕೊಯ್ಲಿನ ಅಡಿಕೆ ಇನ್ನೂ ಸುಲಿಯುವುದಿತ್ತು. ಸಂಘದವರೆಲ್ಲ ಕೈಗೆ ಕೈ ಕೊಟ್ಟು ಸುಲಿದುಕೊಡಲು ನಮ್ಮ ಮನೆಗೇ ಬಂದಿದ್ದರು. ಸಭೆಯೂ ಅಲ್ಲೇ ಆಗಲಿ ಎಂದರು ಅನ್ನಪೂರ್ಣೇಶ್ವರಿ. ಸಂಜೆ ಕಾಫಿಯಾದ ಮೇಲೆ ನಾನು ಜಗಲಿಯ ಬೆಳಕಿನಲ್ಲಿ ಮಣೆಯ ಮೇಲೆ ಕೂತೆ. ಹೆಂಗಸರೆಲ್ಲ ಸುತ್ತ ಕುಕ್ಕರಗಾಲಿನಲ್ಲಿ ಕೂತು ನನ್ನ ಮುಖ ನೋಡಿದರು, ಹಸು ಕೊಳ್ಳಲು ಬಂದವರ ಹಾಗೆ.

ಬಂಗು ತಿಳಿಯಾಗಿತ್ತು. ಪೂರ್ತಿ ಹೋಗಿರಲಿಲ್ಲ, ಆದರೆ ಚೊಗರಿನಂತಿದ್ದದ್ದು ಕಾಫಿಗೆ ಹಾಲು ಬೆರೆಸಿದ ಹಾಗೆ ಆಗಿತ್ತು. ಅದು ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದ ಇನ್ನೊಂದು ಸಂಗತಿಯನ್ನು ಅನ್ನಪೂರ್ಣೇಶ್ವರಿ ಗಟ್ಟಿಯಾಗಿ ಹೇಳಿದರು.

"ಹಚ್ಚಿದ್ದು ಎಡಗಡೆ ಅಲ್ದಾ?"

"ಹೌದು."

"ಬಲಗಡೆಯೂ ಹೋಗಿದ್ಯಲ್ಲೇ!"

ಎಲ್ಲರೂ ನಕ್ಕರು. ಎರಡೂ ಕೆನ್ನೆ ಒಂದೇ ಸಮ ತಿಳಿಯಾಗಿದ್ದವು. ಕನ್ನಡಿಯಲ್ಲಿ ಎಷ್ಟೋ ದಿನದಿಂದ ನೋಡುತ್ತಿದ್ದೆ. ಎಡಗಡೆ ತುಸು ಹೆಚ್ಚು ತಿಳಿ ಎಂದು ನನ್ನ ಮನಸ್ಸು ಹೇಳುತ್ತಿತ್ತು, ಕಣ್ಣು ಹೇಳುತ್ತಿರಲಿಲ್ಲ.

"ಹಚ್ಚಿದವ್ರಿಗೂ ಗುಣ, ಹಚ್ಚದವ್ರಿಗೂ ಗುಣ! ಇದು ಔಷಧಿ ಅಲ್ಲ ಮಾರಾಯ್ತಿ, ಸರ್ಕಾರದ ಯೋಜನೆ," ಎಂದರು ವಾಸಪ್ಪನವರು ಬಾಗಿಲಿನಿಂದ. ನಾನು ದುರುಗುಟ್ಟಿ ನೋಡಿದ ಮೇಲೆ ಒಳಗೆ ಹೋದರು.

ಅರ್ಪಿತಾ ಎದ್ದು ನಿಂತಳು. ಏನಾದರೂ ನೆಪ ಹೇಳಬಹುದಿತ್ತು. ಹೇಳಲಿಲ್ಲ.

"ಟೊಪ್ಪಿಯಿಂದ್ಲೇ ಆಗಿರಬಹುದು," ಎಂದಳು. "ಬಿಸಿಲು ತಪ್ಪಿದ್ರೆ ಬಂಗು ತಿಳಿಯಾಗ್ತದೆ. ನೆಲ್ಲಿಯಿಂದ ಆಯ್ತು ಅಂತ ನಾನು ಹೇಳೋಕಾಗಲ್ಲ. ಸುಳ್ಳು ಹೇಳಿ ಮಾರಲ್ಲ ಅಂತಾನೇ ನಾನು ಶುರು ಮಾಡಿದ್ದು."

ನಗು ನಿಂತಿತು. ಅನ್ನಪೂರ್ಣೇಶ್ವರಿ ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಮುಖ ಮೃದುವಾಯಿತು, ಆದರೆ ಸೊಂಟದ ಕೀಲಿಕೈ ಅಲ್ಲಾಡಲಿಲ್ಲ. "ನೀ ಒಳ್ಳೆ ಕೂಸು. ಆದ್ರೆ ಕೋಣೆ..." ಎಂದು ಎಳೆದರು.

ನನಗೆ ತಡೆಯಲಾಗಲಿಲ್ಲ. "ನೋಡಿದ್ದು ಸಾಕು, ಮುಟ್ಟಿ ನೋಡಿ!" ಎಂದು ಕೂಗಿದೆ. "ಕಣ್ಣಿಗೆ ಕಾಣದ್ದು ಇರ್ತದೆ. ದಿನಾ ಮುಖ ತೊಳೆಯೋಳು ನಾನು, ನನಗೆ ಗೊತ್ತು. ಎಡಗಡೆ ನೀರು ಜಾರ್ತದೆ, ಬಲಗಡೆ ನಿಲ್ತದೆ. ಮುಟ್ಟಿ!"

ಅನ್ನಪೂರ್ಣೇಶ್ವರಿ ಕೈ ಚಾಚಿದರು. ಚಾಚಿದ ಕೈಯನ್ನು ತಾವೇ ನೋಡಿಕೊಂಡರು. ಬೆಳಿಗ್ಗೆಯಿಂದ ಅಡಿಕೆ ಸುಲಿದ ಬೆರಳುಗಳು ಚೊಗರು ಹಿಡಿದು ಕಪ್ಪಾಗಿದ್ದವು, ತುದಿ ಒಡೆದು ಉಪ್ಪುಕಾಗದದಂತಾಗಿತ್ತು. ನನ್ನ ಎರಡೂ ಕೆನ್ನೆ ಮುಟ್ಟಿದರು. "ನನ್ಗೆ ಎರಡೂ ಒಂದೇ," ಎಂದರು. ಇನ್ನೊಬ್ಬಳು ಮುಟ್ಟಿದಳು. ಮತ್ತೊಬ್ಬಳು. ಜಗಲಿಯಲ್ಲಿದ್ದ ಅಷ್ಟೂ ಹೆಂಗಸರ ಕೈ ಹಾಗೇ ಇತ್ತು. ಅಡಿಕೆಯ ಕಾಲದಲ್ಲಿ ನಮ್ಮ ಊರಿನಲ್ಲಿ ಬಿಸಿ ಪಾತ್ರೆ ಹಿಡಿಯುವ ಬೆರಳು ಬೇಕಾದಷ್ಟು ಸಿಗುತ್ತವೆ. ಕೆನ್ನೆ ನೋಡುವ ಬೆರಳು ಒಂದೂ ಇಲ್ಲ. ಅರ್ಪಿತಾ ಮುಖ ತಿರುಗಿಸಿ ಖಾಲಿ ಕಾಫಿ ಲೋಟ ಒಟ್ಟು ಮಾಡತೊಡಗಿದಳು.

ಆಗ ಜಗಲಿಯ ಮೂಲೆಯಿಂದ ನನ್ನ ಅತ್ತೆ ಕೂಗಿದರು. "ಎಂತ ಗಲಾಟೆ ಅದು? ಯಾರ ಕೆನ್ನೆ? ಯಾರು ಯಾರಿಗೆ ಹೊಡದ್ರು?"

ಅತ್ತೆಗೆ ಎಂಬತ್ತು ದಾಟಿದೆ. ಕಣ್ಣು ಪೂರ್ತಿ ಹೋಗಿದೆ, ಬೆಳಕು ನೆರಳು ಮಾತ್ರ ತಿಳಿಯುತ್ತದೆ. ಹಗಲೆಲ್ಲ ಜಗಲಿಯ ಮೂಲೆಯ ಮಂಚದ ಮೇಲೆ ಕೂತು, ದಾರಿಯಲ್ಲಿ ಹೋಗುವವರ ಹೆಜ್ಜೆ ಕೇಳಿ ಹೆಸರು ಹೇಳುತ್ತಾರೆ. ಅರ್ಪಿತಾ ಏನೋ ಔಷಧಿ ಮಾಡುತ್ತಾಳೆ ಎಂದಷ್ಟೇ ಅವರಿಗೆ ಗೊತ್ತು. ಯಾವ ಕೆನ್ನೆ, ಎಂಥ ಪರೀಕ್ಷೆ ಎಂದು ನಾವು ಹೇಳಿರಲಿಲ್ಲ. ಹೇಳಿದರೆ ಊರಿಗೆಲ್ಲ ಹಂಚುತ್ತಾರೆ.

ಅನ್ನಪೂರ್ಣೇಶ್ವರಿ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರಿಗೂ ಒಟ್ಟಿಗೆ ಹೊಳೆದಿರಬೇಕು. ಅವರು ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಸುಮ್ಮನಿರಲು ಹೇಳಿದರು. ನನ್ನನ್ನು ಕೈಹಿಡಿದು ಮಂಚದ ಮುಂದೆ ನೆಲದ ಮೇಲೆ ಕೂರಿಸಿದರು.

"ಅಜ್ಜಿ, ಇಲ್ಲಿ ಒಂಚೂರು ಕೈ ಕೊಡಿ," ಎಂದು ಅತ್ತೆಯ ಎರಡೂ ಕೈಗಳನ್ನು ಹಿಡಿದು ನನ್ನ ಎರಡು ಕೆನ್ನೆಯ ಮೇಲೆ ಇಟ್ಟರು.

ಆ ಕೈಗಳು ಮುಖಕ್ಕೆ ತಾಗಿದಾಗ ನಾನು ಬೆಚ್ಚಿದೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಇದೇ ಕೈಗಳು ಕತ್ತಿಯ ಹಾಗೆ ಇದ್ದವು. ಅಡಿಕೆ ಸುಲಿದು, ಸೊಪ್ಪು ಕೊಯ್ದು, ಗೊಬ್ಬರ ಹೊತ್ತು ಕೊರಡಾಗಿದ್ದವು. ಈಗ ಅವು ಮಗುವಿನ ಅಂಗೈಯ ಹಾಗೆ ಇದ್ದವು. ಕಣ್ಣು ಹೋದ ಮೇಲೆ ಕೆಲಸ ಬಿಟ್ಟರು. ಬಿಟ್ಟದ್ದೇ ತಡ, ತೊಗಲು ಯಾರಿಗೂ ಹೇಳದೆ ತನ್ನ ಪಾಡಿಗೆ ತಾನು ಹೊಸದಾಗಿಬಿಟ್ಟಿತ್ತು. ಚೊಗರಿಲ್ಲ, ಒಡಕಿಲ್ಲ. ದಿನಾ ಊಟದ ತಟ್ಟೆ ಕೊಡುತ್ತೇನೆ, ಮಾತ್ರೆ ಕೊಡುತ್ತೇನೆ, ಆ ಕೈಯನ್ನು ನಾನು ನೋಡಿಯೇ ಇರಲಿಲ್ಲ.

ಅತ್ತೆಯ ಬೆರಳುಗಳು ನಿಧಾನವಾಗಿ ಓಡಾಡಿದವು. ಕಣ್ಣಿನ ಕೆಳಗೆ, ಮೂಗಿನ ಪಕ್ಕ, ದವಡೆಯ ಅಂಚಿಗೆ. ಒಂದು ಸಲ ಹೋಗಿ ತಿರುಗಿ ಬಂದವು. ಹುಬ್ಬು ಗಂಟಿಕ್ಕಿತು. ಆಮೇಲೆ ತಲೆಯನ್ನು ಪಕ್ಕಕ್ಕೆ ವಾಲಿಸಿ ಕೇಳಿದರು.

"ಇಲ್ಲಿ ಇಬ್ಬರು ಕೂತಿದ್ದಾರಾ?"

ಹೆಂಗಸರೆಲ್ಲ ಮಂಚದ ಹತ್ತಿರ ಸರಿದರು.

"ಎಂತಕ್ಕೆ ಅಜ್ಜಿ?" ಎಂದರು ಅನ್ನಪೂರ್ಣೇಶ್ವರಿ. ಅವರ ಸಣ್ಣ ದನಿ ಇನ್ನೂ ಸಣ್ಣಗಾಗಿತ್ತು.

"ಇದು ನಮ್ಮ ಜಲಜ," ಎಂದು ನನ್ನ ಬಲಗೆನ್ನೆ ತಟ್ಟಿದರು. "ಹಲಸಿನಕಾಯಿ. ಗೊತ್ತಾಗ್ತದೆ ನಂಗೆ. ಇದು ಯಾರು? ಕರುವಿನ ಕಿವಿ ಇದ್ದಂಗಿದೆ. ಅರ್ಪಿತನಾ?"

ಅನ್ನಪೂರ್ಣೇಶ್ವರಿ ಅಷ್ಟಕ್ಕೇ ಬಿಡುವವರಲ್ಲ. ಅತ್ತೆಯ ಕೈ ತೆಗೆಸಿ, ನನ್ನನ್ನು ಸದ್ದಿಲ್ಲದೆ ಎಬ್ಬಿಸಿ, ಮಂಚದ ಕಡೆ ಬೆನ್ನು ಮಾಡಿ ಕೂರಿಸಿದರು. ಹಿಂದಿನಿಂದ ಅತ್ತೆಯ ಕೈಗಳನ್ನು ತಂದು ಮತ್ತೆ ಕೆನ್ನೆಯ ಮೇಲಿಟ್ಟರು. ಈಗ ಕೈ ಅದಲುಬದಲಾಗಿತ್ತು. ಅತ್ತೆ ಒಂದಿಷ್ಟೂ ತಡಮಾಡಲಿಲ್ಲ.

"ಜಾಗ ಬದಲಾಯ್ಸಿಕೊಂಡ್ರಾ? ಜಲಜ ಇಲ್ಲಿ ಬಂದ್ಲು," ಎಂದು ಬಲಗೆನ್ನೆಯನ್ನೇ ಹಿಂಡಿದರು. "ಕಣ್ಣಿಲ್ಲ ಅಂತ ಆಟ ಆಡಿಸ್ತೀರಾ ನನ್ನ?"

ಕೈಯಲ್ಲಿದ್ದ ಲೋಟಗಳನ್ನು ಅರ್ಪಿತಾ ಅಲ್ಲೇ ಕೆಳಗಿಟ್ಟು ಕಂಬ ಹಿಡಿದುಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಹೆಂಗಸರು ತಮ್ಮ ತಮ್ಮ ಕಪ್ಪು ಬೆರಳುಗಳನ್ನು ನೋಡಿಕೊಂಡು ಕೂತಿದ್ದರು. ಒಬ್ಬಳು ಮೆಲ್ಲಗೆ ತನ್ನ ಮುಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ನಾನು ಅತ್ತೆಯ ಕೈಗಳನ್ನು ನನ್ನ ಮುಖದ ಮೇಲಿಂದ ತೆಗೆಯಲು ಬಿಡಲಿಲ್ಲ. ನನ್ನದೇ ಮುಖದಲ್ಲಿ ಹಳಬಳೊಬ್ಬಳು, ಹೊಸಬಳೊಬ್ಬಳು ಅಕ್ಕಪಕ್ಕ ಕೂತಿದ್ದಾರೆ. ಕನ್ನಡಿಗೆ ತಿಳಿಯದ್ದು ಕಣ್ಣಿಲ್ಲದವರಿಗೆ ತಿಳಿಯಿತು.

ಅನ್ನಪೂರ್ಣೇಶ್ವರಿ ಸೊಂಟದಿಂದ ಕೀಲಿಕೈ ಬಿಚ್ಚಿದರು. ಗಂಟು ಬಿಗಿಯಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು.

"ತಗ ಕೂಸೆ. ಲೈಸೆನ್ಸಿಗೆ ಎಲ್ಲೆಲ್ಲಿ ಓಡ್ಬೇಕೋ ನೀನೇ ಓಡು. ಅದು ಬರೋವರೆಗೆ ಒಂದು ಬಾಟ್ಲಿ ಹೊರಗೆ ಹೋಗ್ಬಾರ್ದು. ಮತ್ತೆ ಒಂದು ಮಾತು. ಬಾಟ್ಲಿ ಜೊತೆ ಟೊಪ್ಪಿನೂ ಕೊಡ್ಬೇಕು. ಬಂಗು ತೆಗ್ದಿದ್ದು ಟೊಪ್ಪಿ, ನುಣುಪು ಮಾಡಿದ್ದು ನೆಲ್ಲಿ. ಹಾಗೇ ಬರಿ ಬಾಟ್ಲಿ ಮೇಲೆ."

"ಹಾಗೇ ಬರೀತೇನೆ," ಎಂದಳು ಅರ್ಪಿತಾ. ಕೀಲಿಕೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನಿನ್ಗೆ ಆಗಿದ್ದನ್ನ ಅವತ್ತು ನಾ ಎತ್ತಿ ಆಡ್ಬಾರ್ದಿತ್ತು," ಎಂದು ಅನ್ನಪೂರ್ಣೇಶ್ವರಿ ತಿರುಗಿ ನೋಡದೆ ಚಪ್ಪಲಿ ಮೆಟ್ಟಿಕೊಂಡರು.

ಎಲ್ಲ ಹೋದ ಮೇಲೆ ಅತ್ತೆ ನನ್ನನ್ನು ಕರೆದರು. ಏನು ನಡೆಯಿತೆಂದು ಮೊದಲಿನಿಂದ ಹೇಳಿಸಿಕೊಂಡರು. ಎಡಗೆನ್ನೆಯ ಕತೆ ಕೇಳಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಆಮೇಲೆ ಅರ್ಪಿತಾಳನ್ನು ಕೂಗಿ ಮುಖ ಮುಂದೆ ಮಾಡಿದರು.

"ನಂಗೂ ಒಂಚೂರು ಹಚ್ಚು."

ಅರ್ಪಿತಾ "ಮೊದ್ಲು ಕೈಗೆ ಹಚ್ಚಿ ನೋಡ್ಬೇಕು ಅಜ್ಜಿ" ಎಂದು ಫ್ರಿಜ್ಜಿನಿಂದ ಬಾಟಲಿ ತಂದಳು. ತಂದವಳು ತಮಾಷೆಗೆ ಕೇಳಿದಳು, "ಆಮೇಲೆ ಯಾವ ಕೆನ್ನೆಗೆ? ಎಡಕ್ಕೋ ಬಲಕ್ಕೋ?"

"ಎರಡಕ್ಕೂ ಹಚ್ಚೇ," ಎಂದರು ಅತ್ತೆ. "ಪರೀಕ್ಷೆ ಮಾಡ್ತಾ ಕೂರೋಕೆ ನಂಗೆಲ್ಲಿದೆ ಟೈಮು?"